ಮೊಮ್ಮಗಳಿಗೊಂದು ಸೈಕಲ್ ಸೀಟು

ಬಸ್ಸಿನ ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕೂತರೆ ನಗುವಂಥ ಸಂಗತಿಗಳು ನಿಂತುಹೋಗುತ್ತವೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಐವತ್ತು ಸೀಟಿನ ಗಾಡಿಯಿಂದ ಇಳಿದು ಒಂದು ಸೀಟಿನ ಗಾಡಿ ಹತ್ತಿದವು, ಅಷ್ಟೇ.

ಹೊಸಪೇಟೆ–ಕಂಪ್ಲಿ ನಡುವೆ ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ಈಗ ಕಮಲಾಪುರದಲ್ಲಿ ಮನೆ. ಮಗನಿಗೆ ಕಾರ್ಖಾನೆಯಲ್ಲಿ ಶಿಫ್ಟು, ಸೊಸೆ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಹಾಗಾಗಿ ಎರಡೂವರೆ ವರ್ಷದ ಮೊಮ್ಮಗಳನ್ನು ಅಂಗನವಾಡಿಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಸ್ಕೂಟರ್ ನನಗೆ ಒಗ್ಗುವುದಿಲ್ಲ. ಬಸ್ಸು, ಇಲ್ಲವೆ ಸೈಕಲ್ಲು. ನಡುವಿನದು ಯಾವುದೂ ಕೈಗೆ ಕೂಡಿಬರಲಿಲ್ಲ. ಸೈಕಲ್ಲೇ ಸರಿ ಅಂದೆ.

ಟವೆಲ್ಲು

ನಮ್ಮಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಟವೆಲ್ ಸುತ್ತಿ ಕೂರಿಸಿಕೊಳ್ಳುತ್ತಿದ್ದ. ನಾನೂ ಹಾಗೇ ಒಂದು ದಪ್ಪ ಟವೆಲ್ ಸುತ್ತಿ, ಹುರಿಯಿಂದ ಬಿಗಿದು, ಅಂಗಳದಲ್ಲಿ ಸೈಕಲ್ ನಿಲ್ಲಿಸಿದೆ. ಡ್ಯೂಟಿಗೆ ಹೊರಟಿದ್ದ ಸೊಸೆ ಬಾಗಿಲಲ್ಲೇ ನಿಂತಳು.

"ಮಾವಾರ, ಏನ್ರಿ ಇದು?"

"ಕೂಸಿನ ಸೀಟವ್ವ. ಮೆತ್ತಗೈತಿ, ಮುಟ್ಟಿ ನೋಡು."

ಅವಳು ಮುಟ್ಟಲಿಲ್ಲ. "ಚಕ್ರದ ಕಡ್ಡ್ಯಾಗ ಹಿಮ್ಮಡ ಸಿಗಿಸಿಕೊಂಡು ಬಂದ ಮಕ್ಕಳಿಗೆ ಡ್ರೆಸ್ಸಿಂಗ್ ಮಾಡಾಕಿ ನಾನು. ಬೆನ್ನಿಗೆ ಆಸರಿ, ಕಾಲು ಚಕ್ರಕ್ಕ ಸಿಗದಂಗ ಮರೆ, ಕಟ್ಟಾಕ ಬೆಲ್ಟು, ಇಷ್ಟೂ ಇರೋ ಸೀಟ್ ಬರೋತನ ನನ್ನ ಮಗಳನ್ನ ಹತ್ತಿಸಬ್ಯಾಡ್ರಿ."

ನನಗೆ ಸ್ವಲ್ಪ ಚುಚ್ಚಿತು. "ಮೂವತ್ತು ವರ್ಷದಾಗ ನನ್ನ ಗಾಡ್ಯಾಗ ಒಬ್ಬ ಪ್ಯಾಸೆಂಜರ್‌ಗೂ ತರಚಿದ ಗಾಯ ಆಗಿಲ್ಲವ್ವ," ಅಂದೆ.

"ಖರೇರಿ. ಆದ್ರ ಅವರೊಳಗ ಯಾರನ್ನರ ಟವೆಲ್ ಮ್ಯಾಲೆ ಕುಂದ್ರಿಸಿದ್ರೇನ್ರಿ?"

ಅವಳು ಬಸ್ಸಿಗೆ ಹೋದಳು. ನಾನು ಟವೆಲ್ ಬಿಚ್ಚಿ ಸ್ನಾನಕ್ಕೆ ಹೋದೆ.

ಕುಂಬಳಕಾಯಿ

ಮರುದಿನ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನಾನು, ನನ್ನ ಹೆಂಡತಿ ಹೊಸಪೇಟೆಯ ಒಂದು ಸೈಕಲ್ ಅಂಗಡಿಗೆ ಹೋದೆವು. ಇವಳು ದಾರಿಯಲ್ಲೇ ಸಂತೆ ಮುಗಿಸಿದ್ದಳು. ಅಂಗಡಿಯವನು ಹ್ಯಾಂಡಲ್ಲಿಗೆ ನೇತುಹಾಕುವ ಬುಟ್ಟಿ ತೋರಿಸಿದ; ಅದರಲ್ಲಿ ಕೂತರೆ ಕೂಸಿನ ಕಾಲು ಜೋತಾಡುವಂತಿತ್ತು. ಬಾರಿಗೆ ಬಿಗಿಯುವ ಪುಟ್ಟ ಸೀಟು ತೋರಿಸಿದ. ಅದಕ್ಕೆ ಬೆನ್ನೇ ಇರಲಿಲ್ಲ. ಆಮೇಲೆ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸುವ ಕೆಂಪು ಕುರ್ಚಿಯಂಥದ್ದು ತಂದು ನಮ್ಮ ಸೈಕಲ್ಲಿಗೆ ಬಿಗಿದ. ಬೆನ್ನಿತ್ತು, ಕಾಲಿಗೆ ಮರೆಯಿತ್ತು, ಸೊಂಟಕ್ಕೆ ಒಂದು ಬೆಲ್ಟಿತ್ತು.

"ಇದರಾಗ ಕುಂತ ಕೂಸು ಅಲುಗಾಡಂಗಿಲ್ರಿ," ಅಂದ.

"ಹಂಗಂತ ಹೆಂಗ ನಂಬಾದಪ್ಪ?" ಅನ್ನುತ್ತ ಇವಳು ಚೀಲದಿಂದ ದೊಡ್ಡ ಕುಂಬಳಕಾಯಿ ತೆಗೆದು ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದಳು. "ಹೆಚ್ಚುಕಮ್ಮಿ ನಮ್ಮ ಕೂಸಿನಷ್ಟ ಐತಿ. ತಳ್ರಿ ನೋಡೂಣು."

ನಾನು ಸೈಕಲ್ ತಳ್ಳಿದೆ. ಅಂಗಡಿ ಮುಂದಿನ ಚರಂಡಿ ಕಲ್ಲಿನ ಮೇಲೆ ಗಾಡಿ ಒಂದು ಸಲ ಕುಲುಕಿತು. ಕುಂಬಳಕಾಯಿ ಬೆಲ್ಟಿನ ಕೆಳಗಿಂದ ಸರಕ್ಕನೆ ಜಾರಿ ರಸ್ತೆಗೆ ಬಿದ್ದು ನಾಲ್ಕು ಹೋಳಾಯಿತು. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು.

ಅಂಗಡಿಯವನು ಒಳಗೆ ಹೋಗಿ ಇನ್ನೊಂದು ಸೀಟು ತಂದ. ಇದಕ್ಕೆ ಭುಜದ ಮೇಲಿಂದ ಎರಡು, ಕಾಲ ನಡುವಿಂದ ಒಂದು ಪಟ್ಟಿ ಬಂದು ಎದೆಯ ಹತ್ತಿರ ಬೀಗ ಬೀಳುತ್ತಿತ್ತು. ಅದನ್ನೇ ಕ್ಯಾರಿಯರಿಗೆ ಬಿಗಿಸಿದೆವು. ನಾನು ಹಿಡಿದು ಜಗ್ಗಿದೆ, ಇವಳು ಹಿಡಿದು ಜಗ್ಗಿದಳು. ಮಿಸುಕಲಿಲ್ಲ.

"ಕೂಸಿಗೆ ಹೊಂದಲಿಲ್ಲ ಅಂದ್ರ ವಾಪಸ್ ತಗೋತೀಯೇನಪ್ಪ?" ಅಂತ ಇವಳು ಕೇಳಿದಳು.

ಅವನು ರಸ್ತೆಯ ಮೇಲಿನ ಹೋಳುಗಳ ಕಡೆ ಕೈ ಮಾಡಿದ. "ಕುಂಬಳಕಾಯಿ ಒಡದೈತ್ರಿ ಅಮ್ಮಾರ. ಪೂಜಿ ಆದ ಗಾಡಿ ನಾ ವಾಪಸ್ ತಗೊಳಂಗಿಲ್ಲ."

ಹೆಲ್ಮೆಟ್ಟು

ಸೀಟು ಸೊಸೆಗೆ ಒಪ್ಪಿಗೆಯಾಯಿತು. ಆದರೆ ತಲೆಗೆ ಹೆಲ್ಮೆಟ್ ಬೇಕೆಂದಳು. ಹಳದಿ ಬಣ್ಣದ ಸಣ್ಣ ಹೆಲ್ಮೆಟ್ ಬಂತು. ಮೊಮ್ಮಗಳು ಅದನ್ನು ಕಿತ್ತು ಎಸೆದಳು. ಮತ್ತೆ ಹಾಕಿದರೆ ಮತ್ತೆ ಎಸೆದಳು. ಕಡೆಗೆ ಒಂದು ಷರತ್ತು ಹಾಕಿದಳು: "ಅಜ್ಜಿನೂ ಹಾಕ್ಕೋ."

ಮಗನ ಬೈಕಿನ ಕರಿ ಹೆಲ್ಮೆಟ್ ಅಜ್ಜಿಯ ತಲೆಗೇರಿತು. ಕೂಸು ಖುಷಿಯಾಗಿ ತನ್ನದನ್ನು ಹಾಕಿಕೊಂಡಿತು. ಅಜ್ಜಿ ತೆಗೆದರೆ ಇದೂ ತೆಗೆಯುತ್ತಿತ್ತು. ರೂಢಿಯಾಗಲಿ ಅಂತ ಇವಳು ಹೆಲ್ಮೆಟ್ಟಿನಲ್ಲೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಆಗಲೇ ಹಾಲಿನವನು ಬಂದ. ಕ್ಯಾನು ಹಿಡಿದವನು ಹಾಗೇ ನಿಂತು, ಒಮ್ಮೆ ಇವಳನ್ನು, ಒಮ್ಮೆ ನನ್ನನ್ನು ನೋಡಿದ.

"ಏನ್ರಿ ಅಮ್ಮಾರ, ಯಜಮಾನರ ಜೋಡಿ ಜಗಳ ಆತೇನ್ರಿ?"

ಇವಳು ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಜಗಳ ಆಗಿದ್ರ ಇದು ಅವರ ತಲಿ ಮ್ಯಾಲೆ ಇರ್ತಿತ್ತಪ್ಪ."

ನಿದ್ದೆ

ಮೊದಲ ಭಾನುವಾರ ಹಂಪಿ ಕಡೆಯ ರಸ್ತೆಯಲ್ಲಿ ಒಂದು ಸುತ್ತು ಹೋದೆವು. ಎರಡೂ ಬದಿ ಬಾಳೆ ತೋಟ, ತಂಪು ಗಾಳಿ. ಹಿಂದಿನಿಂದ "ತಾತ ಕೋತಿ, ತಾತ ಎಮ್ಮಿ" ಅಂತ ಒಂದೇ ಸಮ ವರದಿ ಬರುತ್ತಿತ್ತು. ಆಮೇಲೆ ವರದಿ ನಿಂತಿತು. ತಿರುಗಿ ನೋಡಿದರೆ ಕೂಸು ನಿದ್ದೆಹೋಗಿ ತಲೆ ಒಂದು ಕಡೆ ವಾಲಿತ್ತು.

ಎಬ್ಬಿಸಲು ಮನಸ್ಸಾಗಲಿಲ್ಲ. ರಸ್ತೆ ಬದಿಯ ಮರದ ಕೆಳಗೆ ಸೈಕಲ್ ನಿಲ್ಲಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಅವಳ ತಲೆ ಹಿಡಿದು ನಿಂತೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮೂಗು ತುರಿಸಿದರೂ ತುರಿಸಿಕೊಳ್ಳಲು ಕೈಯಿಲ್ಲ. ಅಷ್ಟರಲ್ಲಿ ಒಂದು ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ಡ್ರೈವರ್ ನನ್ನ ಹಳೆಯ ಜೊತೆಗಾರ.

"ಏನಣ್ಣಾ, ಬ್ರೇಕ್‌ಡೌನಾ?"

"ಮೆಲ್ಲಕ ಮಾತಾಡೋ. ಪ್ಯಾಸೆಂಜರ್ ಮಲಗೈತಿ," ಅಂದೆ.

ಅವನು ಕಿಟಕಿಯಿಂದ ಬಗ್ಗಿ ಕೂಸನ್ನು ನೋಡಿ, ಗೇರ್ ಹಾಕುತ್ತ ಹೇಳಿದ: "ನಿನ್ನ ಗಾಡ್ಯಾಗ ಯಾರಿಗಾದ್ರೂ ನಿದ್ದಿ ಹತ್ತಿದ್ದು ಇದ ಮೊದಲು ನೋಡಣ್ಣ."

ರೈಟ್

ಸೊಸೆಗೆ ರಜೆ ಇದ್ದ ದಿನ ಅದು. ನಾನು ಕೂಸನ್ನು ಹೇಗೆ ಕರೆದೊಯ್ಯುತ್ತೇನೆಂದು ಕಣ್ಣಾರೆ ನೋಡಬೇಕೆಂದು ಗೇಟಿನ ಹತ್ತಿರ ಬಂದು ನಿಂತಿದ್ದಳು. ನನಗೋ ಲೈಸೆನ್ಸ್ ಪರೀಕ್ಷೆಗೆ ನಿಂತಂತಾಗಿತ್ತು. ಇಸ್ತ್ರಿ ಅಂಗಿ ಹಾಕಿ, ಸೀಟಿನ ಮೇಲೆ ಕೂತು, ಒಂದು ಕಾಲು ನೆಲಕ್ಕೆ ಊರಿ, ಕಣ್ಣು ರಸ್ತೆಯ ಮೇಲಿಟ್ಟೆ. ಕೂಸನ್ನು ಕೂರಿಸಿ ಬೆಲ್ಟು ಹಾಕುವುದು ಅಜ್ಜಿಯ ಕೆಲಸ. ಅವಳು ಆಗಿನ್ನೂ ಕೂಸಿನ ಚಪ್ಪಲಿ ಹುಡುಕುತ್ತಿದ್ದಳು.

ಮೊಮ್ಮಗಳು ಅಮ್ಮನ ಜೊತೆ ಬಸ್ಸಿನಲ್ಲಿ ಓಡಾಡಿ ಕಂಡಕ್ಟರನ ಮಾತು ಕಲಿತಿದ್ದು ನನಗೆ ಗೊತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಗಟ್ಟಿಯಾಗಿ ಕೇಳಿಸಿತು: "ರೈಟ್ ರೈಟ್!"

ಆ ಮಾತು ಕೇಳಿದರೆ ನನ್ನ ಕಾಲು ನನ್ನನ್ನು ಕೇಳುವುದಿಲ್ಲ. ಹೊರಟೇಬಿಟ್ಟೆ.

ಹಿಂದೆ ಏನೋ ಕೂಗಾಟ ಕೇಳಿಸಿತು. ಸೊಸೆ ಹೊಗಳುತ್ತಿದ್ದಾಳೆ ಅಂದುಕೊಂಡೆ. ಗಾಡಿ ಹಗುರಾಗಿ ಹೋಗುತ್ತಿತ್ತು. ಹಿಂದಿನ ದಿನ ಚೈನಿಗೆ ಎಣ್ಣೆ ಬಿಟ್ಟಿದ್ದು ಸಾರ್ಥಕವಾಯಿತು ಅನ್ನಿಸಿತು. "ನೋಡವ್ವ, ಬಾಳೆಕಾಯಿ ಲಾರಿ! ನೋಡು, ನಾಯಿಮರಿ!" ಅಂತ ದಾರಿಯುದ್ದಕ್ಕೂ ಮಾತಾಡಿಸಿದೆ. ಕೂಸು ಸುಮ್ಮನಿತ್ತು. ಒಬ್ಬ ಆಟೋದವನು ಕೂಸಿನ ಸೀಟಿನ ಕಡೆ ಬೆರಳು ಮಾಡಿ, "ತಾತಾ, ಹಿಂದ! ಹಿಂದ!" ಅಂದ.

"ಹೌದಪ್ಪ, ನನ್ನ ಮೊಮ್ಮಗಳು," ಅಂತ ಹೆಮ್ಮೆಯಿಂದ ಹೇಳಿ ಮುಂದೆ ಹೋದೆ.

ಅಂಗನವಾಡಿ ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು. "ಏನ್ರಿ ತಾತಾರ, ಖಾಲಿ ಗಾಡಿ ತಂದೀರಿ?"

ತಿರುಗಿ ನೋಡಿದೆ. ಬೆಲ್ಟುಗಳು ಗಾಳಿಗೆ ತೂಗಾಡುತ್ತಿದ್ದವು. ಅಲ್ಲಿಂದ ಹೇಗೆ ತಿರುಗಿದೆನೋ ನೆನಪಿಲ್ಲ. ರಸ್ತೆ, ಚರಂಡಿ, ಬೇಲಿ ಮರೆ, ಎಲ್ಲ ನೋಡುತ್ತ, ದೇವರಿಗೆಲ್ಲ ಹರಕೆ ಹೊರುತ್ತ ತುಳಿದೆ. ಅರ್ಧ ದಾರಿಯಲ್ಲಿ ಸೊಸೆ ಎದುರಿಗೆ ಬರುತ್ತಿದ್ದಳು. ಅವಳ ಸೊಂಟದ ಮೇಲೆ ಹಳದಿ ಹೆಲ್ಮೆಟ್ಟಿನ ಕೂಸು, ಮುಖ ಊದಿಸಿಕೊಂಡು ಕೂತಿತ್ತು. ಅದು ನೆಲದ ಮೇಲೆ ನಿಂತೇ ರೈಟ್ ಹೇಳಿತ್ತಂತೆ.

ನಾನು ಸೈಕಲ್ಲಿನಿಂದ ಇಳಿದು ತಲೆ ತಗ್ಗಿಸಿದೆ. ಇನ್ನು ಈ ಸೀಟು ಅಟ್ಟ ಸೇರಿತು ಅಂದುಕೊಂಡೆ.

ಕೂಸು ನನ್ನ ಕಡೆ ಬೆರಳು ತೋರಿಸಿ ಅಮ್ಮನಿಗೆ ದೂರು ಹೇಳಿತು: "ತಾತ ನಿಲ್ಸಲಿಲ್ಲ. ಕೈ ಮಾಡಿದೆ. ನಿಲ್ಸಲಿಲ್ಲ!"

ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳುತ್ತಿದ್ದಾಳೆ ಅಂತ ಹೆದರಿದೆ. ನಗು ತಡೆಯಲಾಗದೆ ಬಂದ ನೀರದು.

"ಸುಮ್ಕಿರವ್ವ," ಅಂತ ಮಗಳ ಬೆನ್ನು ತಟ್ಟಿದಳು. "ಕಂಪ್ಲಿ ರೋಡಿನ ಮಂದಿ ಮೂವತ್ತು ವರ್ಷ ಇದ ಮಾತು ಹೇಳ್ಯಾರ."