ಲಕ್ಷ ಮೈಲಿ ಓಡಿದ ಕಾರೂ ನನ್ನ ವ್ಯಾಪಾರವೂ

ಬುದ್ಧಿವಂತನಾಗಿ ಹುಟ್ಟಿದ ಮೇಲೆ ಪೇಚಿಗೆ ಸಿಕ್ಕೋದು ತಪ್ಪಿದ್ದಲ್ಲ. ದಡ್ಡರನ್ನ ಯಾರೂ ಏನೂ ಕೇಳಲ್ಲ, ಅವರು ಆರಾಮಾಗಿರ್ತಾರೆ. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು ನಾನು ಪಟ್ಟ ಪೇಚುಗಳನ್ನು ತುಂಬಿದರೆ ಒಂದು ಲಾರಿ ಲೋಡಾಗುತ್ತೆ. ಸದ್ಯಕ್ಕೆ ಕಾರಿನ ಪೇಚಷ್ಟೇ ಸಾಕು.

ಎಂಬತ್ತರ ದಶಕದ ಶುರು. ತರೀಕೆರೆ ಮೇಲಿನ ಗುಡ್ಡದ ಎಸ್ಟೇಟ್ ಸಾಹುಕಾರರೊಬ್ಬರು ತಮ್ಮ ಜರ್ಮನ್ ಕಾರು ಮಾರುತ್ತಾರಂತೆ, ಐವತ್ತು ಸಾವಿರವಂತೆ ಅಂತ ಸುದ್ದಿ ಬಂತು. ಅಷ್ಟು ದುಡ್ಡು ಹುಟ್ಟಬೇಕಾದರೆ ಪಂಚನಹಳ್ಳಿಯ ಎರಡೆಕರೆ ತೆಂಗಿನ ತೋಟ ಮಾರಬೇಕು. ಮಾರದಿದ್ದರೆ ನನ್ನ ಮಾನ ಉಳಿಯಲ್ಲ. ಯಾಕೆಂದರೆ ಅಜ್ಜಂಪುರದ ನನ್ನ ಷಡ್ಡಕ ಅಂಬಾಸಿಡರ್ ತಂದ ದಿನವೇ ಹತ್ತು ಜನರ ಮುಂದೆ ನಾನು ಅಂದುಬಿಟ್ಟಿದ್ದೆ: "ನಾನು ತಗೊಂಡ್ರೆ ಫಾರಿನ್ ಕಾರೇ ಕಣಪ್ಪ."

ಮೆಕ್ಯಾನಿಕ್ ತೀರ್ಪು

ಮೊದಲ ಸಲ ನೋಡೋಕೆ ಹೋದಾಗ ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಲಾರಿ ಮೆಕ್ಯಾನಿಕ್ಕನ್ನ ಜೊತೆಗೆ ಕರೆದುಕೊಂಡೆ. ಮೀಟರು ಒಂದು ಲಕ್ಷ ಮೂವತ್ತು ಸಾವಿರ ಮೈಲಿ ತೋರಿಸ್ತಿತ್ತು. "ಇಷ್ಟು ಓಡಿದೆ ಅಂದ್ರೆ ದಾರಿ ಎಲ್ಲಾ ಗೊತ್ತಿರುತ್ತೆ ಬಿಡಿ," ಅಂದೆ ನಾನು. ಸಾಹುಕಾರರು ನಕ್ಕರು. ನನ್ನ ಜ್ಞಾನಕ್ಕೆ ಮೆಚ್ಚಿ ನಕ್ಕರು ಅಂತ ಆಗ ತಿಳಿದಿದ್ದೆ.

ಮೆಕ್ಯಾನಿಕ್ ಬಾನೆಟ್ ಎತ್ತಿ ಕಾಲು ಗಂಟೆ ಒಳಗೆ ತಲೆ ಇಟ್ಟ. ಕೈ ಮಾತ್ರ ಇಡಲಿಲ್ಲ. ಆಮೇಲೆ ಮೆಲ್ಲಗೆ ಮುಚ್ಚಿ, ಕಾರಿಗೊಂದು ನಮಸ್ಕಾರ ಹಾಕಿದ.

"ಏನಪ್ಪಾ, ಹೆಂಗಿದೆ?"

"ಎಲ್ಲಾ ಚೆನ್ನಾಗೇ ಕಾಣ್ತದೆ ಸಾರ್. ಯಾವುದು ಏನು ಅಂತ ಗೊತ್ತಾಗ್ಲಿಲ್ಲ, ಅಷ್ಟೇ."

ಮಾವನ ಪರೀಕ್ಷೆ

ಎರಡನೇ ಸಲ ನಮ್ಮ ಮಾವನವರನ್ನ ಕರೆದೊಯ್ದೆ. ಎತ್ತು ಕೊಳ್ಳೋರು ಅವರನ್ನ ಕೇಳದೆ ಹಗ್ಗ ಹಿಡೀತಿರಲಿಲ್ಲ. ಸುಳಿ, ಹಲ್ಲು, ಗೊರಸು ನೋಡಿ ಎತ್ತಿನ ಜಾತಕ ಹೇಳೋರು. ಅವರು ಕಾರಿಗೆ ಮೂರು ಸುತ್ತು ಹಾಕಿ, ಹಿಂದಿನಿಂದ ಒಮ್ಮೆ ತಟ್ಟಿ, ಕೇಳಿದರು:

"ಎಷ್ಟು ಕೈ ದಾಟಿ ಬಂದಿದೆ?"

"ನಾಲ್ಕು," ಅಂದರು ಸಾಹುಕಾರರು.

"ನಾಕು ಕೈ ದಾಟಿದ ಎತ್ತು ಒಂದೋ ಒದೀತದೆ, ಇಲ್ಲಾ ಮಲಗ್ತದೆ." ಆಮೇಲೆ ಬಗ್ಗಿ ನೆಲ ನೋಡಿದರು. "ನಿಂತ ಕಡೇನೇ ಗಂಜಲ ಹಾಕ್ತಾ ಇದ್ಯಲ್ಲ."

"ಮಾವ, ಅದು ಆಯಿಲ್ಲು."

"ಎತ್ತು ಹಾಕಿದ್ದನ್ನ ನಾವು ತಿರುಗಿ ತುಂಬೋ ಕೆಲ್ಸ ಇಲ್ಲ ಅಳಿಯಂದ್ರೇ. ಇದಕ್ಕೆ ನೀವೇ ತುಂಬಬೇಕಾ?"

ಅಜ್ಜಂಪುರದ ಕಾಫಿ

ಸಾಹುಕಾರರು ಉದಾರಿಗಳು. "ಒಂದು ದಿನ ಓಡ್ಸಿ ನೋಡಿ, ಡ್ರೈವರ್ನ ಕಳಿಸ್ಲಾ?" ಅಂದರು. ಜೀಪು ಓಡಿಸಿದ ಕೈ ನನ್ನದು. "ಬೇಡ ಬಿಡಿ," ಅಂದೆ. ಮೂರನೇ ಸಲ ಜೊತೆಗೆ ಬಂದಿದ್ದ ಹೆಂಡತಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಸೀದಾ ಅಜ್ಜಂಪುರಕ್ಕೆ, ಷಡ್ಡಕನ ಬಾಗಿಲಿಗೆ ಬಿಟ್ಟೆ.

ಹಾರ್ನ್ ಹೊಡೆದೆ. ಬೀದಿಗೆ ಬೀದಿಯೇ ಹೊರಗೆ ಬಂತು. ಆ ಕಾರಿನಲ್ಲಿ ಒಂದು ಬಾಗಿಲಿಗೆ ಬೀಗ ಬಿದ್ದರೆ ನಾಲ್ಕಕ್ಕೂ ಬೀಳುತ್ತೆ. ಬಿದ್ದಿತ್ತು. ತೆಗೆಯಲು ಹೋದೆ, ಒಂದೂ ತೆಗೀಲಿಲ್ಲ. ಕಿಟಕಿಯ ಗುಂಡಿ ಒತ್ತಿದೆ. ಗಾಜು ನಾಲ್ಕು ಬೆರಳು ಇಳಿದು ನಿಂತುಬಿಡ್ತು.

"ಇಳೀರಿ ಅಣ್ಣ," ಅಂದ ಷಡ್ಡಕ.

"ಇಳಿಯೋದೆಲ್ಲ ಅಂಬಾಸಿಡರ್‌ನೋರು ಕಣಪ್ಪ. ಫಾರಿನ್ನಲ್ಲಿ ಕಾರಿಗೇ ತಂದುಕೊಡ್ತಾರೆ," ಅಂದೆ.

ಪಾಪ, ನಂಬಿದ. ಕಾಫಿ ಲೋಟ ಓರೆಯಾಗಿ ಒಳಗೆ ಬಂತು, ಅರ್ಧ ನನ್ನ ಪಂಚೆಗೆ. ಚಕ್ಕುಲಿ ಒಂದೊಂದೇ ತೂರಿ ಬಂದವು. ನನ್ನ ನಾದಿನಿ ಅಕ್ಕನಿಗೆ ಕುಂಕುಮ ಇಡೋಕೆ ಕೈ ತೂರಿಸಿದಳು. ಅದು ನನ್ನ ಮೂಗಿಗೆ ಹತ್ತಿತು.

ಹಾಗೇ ವಾಪಸ್ಸು ಗುಡ್ಡ ಹತ್ತಿದೆವು. ಸಾಹುಕಾರರ ಡ್ರೈವರ್ ಬಂದು ಬಾಗಿಲಿಗೆ ಒಂದು ಗುದ್ದು ಕೊಟ್ಟ. ನಾಲ್ಕೂ ತೆರೆದುಕೊಂಡವು. ನನ್ನಾಕೆ ಇಳಿದವಳೇ ಸೆರಗು ಕೊಡವಿ, "ತೋಟ ಕೊಟ್ಟು ಪಂಜರ ಕೊಳ್ಳೋದಾದ್ರೆ ನೀವೊಬ್ರೇ ಕೂತ್ಕೊಳ್ಳಿ ಕಣ್ರೀ," ಅಂದಳು.

ಟವೆಲ್ ವ್ಯಾಪಾರ

ನನಗೂ ಅಷ್ಟು ಹೊತ್ತಿಗೆ ತೋಟದ ಒಂದೊಂದು ಮರವೂ ಕಣ್ಮುಂದೆ ಬರ್ತಿತ್ತು. ಆದರೆ ಬೇಡ ಅಂತ ನಾನಾಗಿ ಅಂದರೆ ಷಡ್ಡಕ ನಗ್ತಾನೆ. ಅವರೇ ಕೊಡಲ್ಲ ಅನ್ನಬೇಕು. ಅದಕ್ಕೊಂದು ಉಪಾಯ ಮಾಡಿದೆ.

ನಮ್ಮ ದನದ ಸಂತೆಯಲ್ಲಿ ಬೆಲೆಯನ್ನ ಬಾಯಲ್ಲಿ ಹೇಳೋ ಪದ್ಧತಿ ಇಲ್ಲ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಒಳಗೇ ಬೆರಳು ಹಿಡಿದು ತಿಳಿಸೋದು. ಒಪ್ಪಿಗೆಯಾದರೆ ಪೂರಾ ಕೈ ಹಿಡಿದು ಅದುಮೋದು. ಅದುಮಿದ ಮೇಲೆ ಮಾತು ಮುಗೀತು, ಯಾರೂ ಹಿಂದೆ ಸರಿಯಂಗಿಲ್ಲ. ನಾಲ್ಕನೇ ಸಲ ಹೋದಾಗ ಮಾವನವರನ್ನ ಸಾಕ್ಷಿಗೆ ಕೂರಿಸಿ, ಸಾಹುಕಾರರಿಗೆ "ಬೆರಳಿಗೆ ಹತ್ತು ಸಾವಿರ" ಅಂತ ಹೇಳಿ, ಟವೆಲ್ ಹಾಕಿ, ಅವರ ಒಂದೇ ಒಂದು ಬೆರಳು ಹಿಡಿದೆ. ಐವತ್ತು ಕೇಳಿದೋರು ಹತ್ತಕ್ಕೆ ಉಗಿದು ಕಳಿಸ್ತಾರೆ ಅಂತ ನನ್ನ ಲೆಕ್ಕ.

ಅವರು ನನ್ನ ಪೂರಾ ಕೈ ಹಿಡಿದು ಬಲವಾಗಿ ಅದುಮಿದರು.

ನಾನು ಕೈ ಎಳೆದೆ. ಬಿಡಲಿಲ್ಲ. ನನ್ನ ಮುಖ ನೋಡಿಯೇ ಮಾವನವರಿಗೆ ಗೊತ್ತಾಗಿಹೋಯ್ತು. ಸಾಹುಕಾರರು ಒಳಗೆ ಓಡಿ ಕೀ ತಂದರು. ಅವರು ಓಡೋದನ್ನ ಆಳುಗಳೂ ಆವತ್ತೇ ಮೊದಲು ನೋಡಿದ್ದಂತೆ.

ಮಾವನವರು ನಿಧಾನಕ್ಕೆ ಎದ್ದರು. "ವ್ಯಾಪಾರ ಆಯ್ತು, ಸರಿ. ಆದ್ರೆ ಹಗ್ಗ ಹಿಡಿದಾಗ ಮೇಲೇಳದ ದನ ವ್ಯಾಪಾರಕ್ಕೆ ಸೇರಲ್ಲ. ಎಬ್ಬಿಸಿ ನೋಡಾನ."

ಸಾಹುಕಾರರು ಕೀ ತಿರುಗಿಸಿದರು. ಕಟಕ್ ಅಂತು. ಇನ್ನೊಮ್ಮೆ ತಿರುಗಿಸಿದರು. ಅದೂ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಮೌನ ಕೇಳಿಲ್ಲ.

"ಬರ್ತೀವಿ ಸ್ವಾಮಿ, ಬಸ್ಸಿನ ಹೊತ್ತಾಯ್ತು," ಅಂತ ಹೊರಟೆವು. ಗೇಟು ದಾಟೋದರೊಳಗೆ ಸಾಹುಕಾರರು ಹಿಂದೆಯೇ ಬಂದು, ನನ್ನ ಹೆಗಲಿನ ಟವೆಲ್ ತಾವೇ ಎಳೆದು, ಇಬ್ಬರ ಕೈ ಮೇಲೆ ಮುಚ್ಚಿದರು. ಈ ಸಲ ಎಷ್ಟು ಬೆರಳು ಹಿಡೀತಾರೋ ಅಂತ ಕಾದೆ. ಒಂದು ಬೆರಳೂ ಹಿಡಿಯಲಿಲ್ಲ. ಸುಮ್ಮನೆ ಕೈ ಅದುಮಿದರು.

ಟವೆಲ್ ಅವರ ಕೈಯಲ್ಲೇ ಬಿಟ್ಟು ಬಸ್ಸಿಗೆ ಓಡಿದೆ. ಆದರೂ ಹೇಳ್ತೀನಿ: ಐವತ್ತು ಸಾವಿರದ ಫಾರಿನ್ ಕಾರನ್ನ ನಾಲ್ಕೇ ಭೇಟಿಯಲ್ಲಿ ಸೊನ್ನೆಗೆ ಇಳಿಸಿದ ವ್ಯಾಪಾರಗಾರ ಕಡೂರಿನಿಂದ ತರೀಕೆರೆವರೆಗೆ ಇನ್ನೊಬ್ಬನಿದ್ದರೆ, ಕರ್ಕೊಂಡು ಬನ್ನಿ.