ನಮ್ಮ ಮಾಮನ ಟೋಪಿ-ಟವೆಲ್ ಕಾನೂನು

ನಮ್ಮ ಸಣ್ಣ ಮಾಮ ಪಾರ್ಲಿಮೆಂಟಿನಲ್ಲಿ ಇರಬೇಕಾದವರು. ದೇಶದ ಪುಣ್ಯ, ಐನಾಪುರದಲ್ಲಿದ್ದಾರೆ! ಅಲ್ಲಿಯ ದ್ರಾಕ್ಷಿಯವರೂ ಕಬ್ಬಿನವರೂ ಸೇರಿ ಕಟ್ಟಿಕೊಂಡ ಗೆಳೆಯರ ಕ್ಲಬ್ಬಿಗೆ ಅವರೇ ಅಧ್ಯಕ್ಷರು. ಯಾವಾಗಿನಿಂದ ಎಂದು ಕೇಳಬೇಡಿ. ಅವರನ್ನು ಇಳಿಸುವ ಠರಾವು ತರಬೇಕಾದರೂ ಅವರ ಅಪ್ಪಣೆಯೇ ಬೇಕು. ಯಾರಿಗೆ ಬೇಕು ಆ ಉಸಾಬರಿ?

ಈ ಹುಚ್ಚು ಹತ್ತಿದ್ದು ಹರೆಯದಲ್ಲಿ, ಯಾವುದೋ ಸೊಸೈಟಿಯ ವಾರ್ಷಿಕ ಸಭೆಗೆ ಹೋದಾಗ. ಅಲ್ಲಿ ಮೊದಲನೆಯ ಠರಾವಿಗೆ ಬೈಗುಳ ಹಾರಿದವು, ಎರಡನೆಯದಕ್ಕೆ ಕುರ್ಚಿಗಳು ಹಾರಿದವು. ಒಂದು ಬಂದು ಮಾಮನ ಹಣೆಗೆ ಬಿತ್ತು. ಕಲೆ ಇನ್ನೂ ಇದೆ. ಅಂದಿನಿಂದ ಸಭೆ ನಡೆಸುವ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿ, ಮುಂದೊಂದು ಹಿತ್ತಾಳೆಯ ಗಂಟೆ ಇಟ್ಟುಕೊಂಡು ಕೂತವರು, ಮನೆಗೆ ಬಂದರೂ ಆ ಕುರ್ಚಿಯಿಂದ ಇಳಿದಿಲ್ಲ. ಬದನೆಕಾಯಿ ಪಲ್ಯ ಮಾಡಲೇ ಎಂದು ಅತ್ತೆ ಕೇಳಿದರೆ, ಅನುಮೋದಕರು ಯಾರು ಎನ್ನುತ್ತಾರೆ!

"ಸೂಚನಾನೂ ನಂದ, ಅನುಮೋದನಾನೂ ನಂದ," ಎನ್ನುತ್ತಾರೆ ಅತ್ತೆ. "ವಿರೋಧ ಇದ್ದವ್ರು ಉಪಾಸ ಮಲಗ್ರಿ."

ಪಲ್ಯ ಸರ್ವಾನುಮತದಿಂದ ಪಾಸಾಗುತ್ತದೆ.

ಕ್ಲಬ್ಬಿನ ನಿಜವಾದ ತಾಪತ್ರಯ ಸದಸ್ಯರದ್ದಲ್ಲ, ಅವರ ಬೆನ್ನು ಹಿಡಿದು ಬರುವ ಪಾವಣ್ಯಾರದ್ದು. ನಮ್ಮ ಕಡೆ ಬೀಗರು, ನೆಂಟರು, ಅತಿಥಿಗಳು ಎಲ್ಲರೂ ಪಾವಣ್ಯಾರೇ. ಭಾನುವಾರದ ಸಭೆಯಲ್ಲಿ ಮಿರ್ಚಿ ಭಜಿ ಇರುತ್ತದೆಂಬ ಸುದ್ದಿ ಎಂದೋ ಕೃಷ್ಣೆ ದಾಟಿ ಹೋಗಿದೆ. ತಿಂದು ಸುಮ್ಮನಿದ್ದರೆ ಪರವಾಗಿಲ್ಲ. ತಿಂದ ಮೇಲೆ ಅವರಿಗೆ ಮಾತು ಬರುತ್ತದೆ! ನಿಯಮದ ಪ್ರಕಾರ ಅತಿಥಿಗೆ ಮಾತಾಡುವ ಹಕ್ಕಿಲ್ಲ, ಗದ್ದಲ ಮಾಡಿದರೆ ಅಧ್ಯಕ್ಷರು ಎಬ್ಬಿಸಿ ಕಳಿಸಬಹುದು. ಆದರೆ ನಮ್ಮ ಸೀಮೆಯಲ್ಲಿ ಪಾವಣ್ಯಾರನ್ನು ಎಬ್ಬಿಸಿ ಕಳಿಸುವುದುಂಟೆ? ಇವತ್ತು ಸದಸ್ಯರ ಭಾವನನ್ನು ಹೊರಗೆ ಹಾಕಿದರೆ, ನಾಳೆ ಸದಸ್ಯರ ತಂಗಿ ಗಂಟುಮೂಟೆ ಸಮೇತ ತವರಿಗೆ ಬಂದಿರುತ್ತಾಳೆ.

ಮಾಮ ಬಹಳ ತಲೆ ಕೆರೆದುಕೊಂಡರು. ಕೊನೆಗೆ ಉಪಾಯ ಹೊಳೆಯಿತು. ಪಾವಣ್ಯಾರು ಹೊರಡುವಾಗ ತಲೆಗೆ ಟೋಪಿ ತೊಡಿಸಿ, ಹೆಗಲಿಗೆ ಟವೆಲ್ ಹೊದಿಸಿ, ಕೈಗೆ ತೆಂಗಿನಕಾಯಿ ಕೊಡುವುದು ನಮ್ಮ ಪದ್ಧತಿ. ಇಷ್ಟಾದ ಮೇಲೂ ಕೂತಿದ್ದರೆ ಅವರಿಗೇ ಮರ್ಯಾದೆಯಲ್ಲ. ಹಾಗಿದ್ದರೆ ಹೊರಡುವ ಹೊತ್ತನ್ನು ಅಧ್ಯಕ್ಷರೇ ಗೊತ್ತುಮಾಡಿದರೆ?

ಮೊದಲ ಸತ್ಕಾರ ತೆಲಸಂಗದ ಕಡೆಯ ಪುಢಾರಿಯೊಬ್ಬರಿಗೆ ಆಯಿತು. ಎರಡು ಮಾತು ಹೇಳುತ್ತೇನೆಂದು ಎದ್ದವರು ತಮ್ಮ ಬಾಲ್ಯದಿಂದ ಶುರುಮಾಡಿದ್ದರು. ಇನ್ನೂ ಮೂರನೇ ಇಯತ್ತೆ ಪಾಸಾಗಿರಲಿಲ್ಲ, ಮಾಮ ಎದ್ದು ಟೋಪಿ ತೊಡಿಸಿಯೇ ಬಿಟ್ಟರು! ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಖುಷಿಯಿಂದ ಫೋಟೋ ತೆಗೆಸಿಕೊಂಡು, ಎಲ್ಲರಿಗೂ ಕೈಮುಗಿದು ಜೀಪು ಹತ್ತಿದರು. ಭಾಷಣ ಅರ್ಧಕ್ಕೇ ನಿಂತದ್ದು ನೆನಪಾದದ್ದು ಅಥಣಿ ದಾಟಿದ ಮೇಲಂತೆ.

ರಾಯಬಾಗದವರೊಬ್ಬರು ಮಾತ್ರ ಮಾಮನ ಕಾನೂನಿಗೇ ಸವಾಲಾದರು. ಬರುವುದು, ಭಜಿ ತಿನ್ನುವುದು, ಬೇಕೆಂದೇ ಗದ್ದಲ ಮಾಡಿ ಟವೆಲ್ ಹೊದ್ದುಕೊಂಡು ಹೋಗುವುದು! ಅವರ ಮನೆಯಲ್ಲಿ ಮೈ ಒರೆಸಿಕೊಳ್ಳಲು ಟವೆಲ್ ಕೊಳ್ಳುವುದನ್ನೇ ಬಿಟ್ಟಿದ್ದಾರೆಂದು ಸುದ್ದಿ ಬಂತು. ಎರಡನೆಯ ಸಲದಿಂದ ಬರೀ ತೆಂಗಿನಕಾಯಿ ಎಂದು ಮಾಮ ತಿದ್ದುಪಡಿ ತರಬೇಕಾಯಿತು.

ನನ್ನನ್ನೂ ಬಿಡಲಿಲ್ಲ. ಚಿಕ್ಕೋಡಿಯಿಂದ ಬಸ್ಸು ಹತ್ತಿ ಹೋಗುವ ನಾನೂ ಅತಿಥಿಯೇ ತಾನೆ? ಭಜಿಗೆ ಉಪ್ಪು ಕಡಿಮೆ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದೇ ತಪ್ಪಾಯಿತು. ಸ್ವಂತ ಅಕ್ಕನ ಮಗನಿಗೆ ಟೋಪಿ ತೊಡಿಸುವಾಗ ಮಾಮನ ಕೈ ಒಂದಿಷ್ಟೂ ನಡುಗಲಿಲ್ಲ.

ಮಾಮನದು ಇನ್ನೊಂದು ವಿಚಿತ್ರವಿತ್ತು. ಪ್ರತಿ ಸಭೆಯ ಕೊನೆಗೆ ಎದ್ದು ನಿಂತು, "ಒಂದು ವಿಷಯ ಮುಂದಿನ ಸಭಾಕ್ಕ ಮುಂದ ಹಾಕೇವಿ," ಎನ್ನುವರು. ಯಾವ ವಿಷಯ? ಹೇಳುತ್ತಿರಲಿಲ್ಲ. ವರ್ಷಗಟ್ಟಲೆ ಮುಂದೆ ಹೋಗುತ್ತಿದ್ದ ಆ ವಿಷಯವನ್ನು ನೆನೆದು ನಾವು ಬಸ್‌ಸ್ಟ್ಯಾಂಡಿನವರೆಗೂ ನಗುತ್ತಿದ್ದೆವು.

ಇಲ್ಲಿ ದೊಡ್ಡ ಮಾಮನ ಮಾತು ಹೇಳಲೇಬೇಕು. ಅವರು ಅಧ್ಯಕ್ಷರ ಒಡಹುಟ್ಟಿದ ಅಣ್ಣ, ಕ್ಲಬ್ಬಿನ ಸದಸ್ಯರೂ ಆಗಿದ್ದರು. ಒಮ್ಮೆ ಸಭೆಯಲ್ಲಿ ಅವರ ಮಾತು ಉದ್ದವಾಯಿತು. ತಮ್ಮನಾದ ಅಧ್ಯಕ್ಷರು ಗಂಟೆ ಬಾರಿಸಿ, ಸದಸ್ಯರು ಕೂತುಕೊಳ್ಳಬೇಕು ಎಂದರು. "ನನ್ನ ಹೆಗಲ ಮ್ಯಾಲೆ ಕೂತು ಬೆಳದಾಂವ ನನಗ ಕೂಡು ಅಂತಾನ. ನಂದು ರಾಜೀನಾಮಾ ಐತಿ," ಎಂದು ಅಣ್ಣ ಮೆಟ್ಟಿಲಿಳಿದು ಹೋದರು. ಆಮೇಲೆ ಇಬ್ಬರ ನಡುವೆ ಮಾತಿಲ್ಲ. ಒಂದೇ ಬಾವಿಯ ನೀರು ಎರಡು ತೋಟಕ್ಕೆ ಹರಿಯುತ್ತಿತ್ತು, ಮಾತು ಹರಿಯಲಿಲ್ಲ. ಅತ್ತೆ ಎಷ್ಟು ಸಲ ಅತ್ತರೋ ದೇವರಿಗೇ ಗೊತ್ತು.

ಹೋದ ಮಳೆಗಾಲದಲ್ಲಿ ದೊಡ್ಡ ಮಾಮನ ಬೀಗರು ನಿಪ್ಪಾಣಿಯಿಂದ ಬಂದರು. ಕ್ಲಬ್ಬು ನೋಡಲೇಬೇಕೆಂದು ಹಟ ಹಿಡಿದರು. ಬೀಗರನ್ನು ಒಬ್ಬರನ್ನೇ ಕಳಿಸಲಾದೀತೆ? ದೊಡ್ಡ ಮಾಮ ಜೊತೆಗೆ ಬಂದು, ಕೊನೆಯ ಸಾಲಿನಲ್ಲಿ ಮುಖ ಆ ಕಡೆ ಮಾಡಿ ಕೂತರು. ಯಡೂರಿಗೆ ಹೋಗಿ ಹೊಳೆಯ ದಂಡೆಯಲ್ಲಿ ಊಟ ಮಾಡುವ ಠರಾವು ಬಂತು. ಹಳೆಯ ಚಟ ಬಿಡುತ್ತದೆಯೇ? "ಹೊಳಿ ತುಂಬಿ ಬಂದಾಗ ದಂಡ್ಯಾಗ ಉಂಬಾಕ ಹುಚ್ಚ ಹಿಡದೈತೇನು?" ಎಂದು ದೊಡ್ಡ ಮಾಮ ಕೂತಲ್ಲಿಂದಲೇ ಗದರಿದರು.

ಅಪ್ಪಣೆಯಿಲ್ಲದೆ ಮಾತಾಡಿದ ಅತಿಥಿ! ಮೇಜಿನ ಮೇಲೆ ಟೋಪಿ, ಟವೆಲ್ ತಯಾರಿದ್ದವು. ದೊಡ್ಡ ಮಾಮ ತಾವೇ ಎದ್ದು ಬಂದು ತಮ್ಮನ ಮುಂದೆ ತಲೆ ಬಗ್ಗಿಸಿದರು.

"ತೊಡಸು. ಹೋಗ್ತೀನಿ."

ಮಾಮ ಟೋಪಿ ಎತ್ತಿಕೊಂಡರು. ಅಣ್ಣನ ತಲೆಯವರೆಗೂ ತಂದರು. ತೊಡಿಸಿದರೆ ಅಣ್ಣ ಈ ಜನ್ಮದಲ್ಲಿ ಆ ಮೆಟ್ಟಿಲು ಹತ್ತುವವರಲ್ಲ. ತೊಡಿಸದಿದ್ದರೆ ಇಷ್ಟು ವರ್ಷದ ಕಾನೂನೇ ಸುಳ್ಳು. ಟೋಪಿಯನ್ನು ತಿರುಗಿ ಮೇಜಿನ ಮೇಲಿಟ್ಟರು.

"ಟೋಪಿ ಪಾವಣ್ಯಾರಿಗೆ ಅಷ್ಟ. ನೀವು ಸದಸ್ಯರು."

"ನಾ ರಾಜೀನಾಮಾ ಕೊಟ್ಟೀನಲ್ಲ."

"ಸಭಾ ಅದನ್ನ ಇನ್ನೂ ಮಂಜೂರ ಮಾಡಿಲ್ಲ, ಅಣ್ಣಾ. ಪ್ರತಿ ಸಲಾನೂ ಮುಂದ ಹಾಕ್ಕೋತ ಬಂದೀನಿ."

ಬಸ್‌ಸ್ಟ್ಯಾಂಡಿನವರೆಗೂ ನಾವು ನಕ್ಕದ್ದು ಇದಕ್ಕೇನು? ದೊಡ್ಡ ಮಾಮ ಮುಂದಿನ ಸಾಲಿಗೆ ಹೋಗಿ, ತಮ್ಮ ಹಳೆಯ ಕುರ್ಚಿಯಲ್ಲಿ ಕೂತರು.

"ಹಂಗಾದ್ರ ಅದನ್ನ ವಾಪಸ್ ತಗೋತೀನಿ. ಬರಕೊ."

"ಅನುಮೋದಕರು ಯಾರು?" ಎಂದು ಮಾಮ ಕೇಳಿದರು.

ಅತಿಥಿಗೆ ಮಾತಾಡುವ ಹಕ್ಕಿಲ್ಲವೆಂಬುದೇ ನನಗೆ ಮರೆತುಹೋಗಿತ್ತು. ಎಲ್ಲರಿಗಿಂತ ಮೊದಲು ಎದ್ದು ನಿಂತು, "ನಂದ್ರಿ," ಎಂದುಬಿಟ್ಟೆ.

ಮಾಮ ಗಂಟೆ ಬಾರಿಸಲಿಲ್ಲ. ಮೇಜಿನ ಮೇಲಿನ ಟವೆಲ್ ಎತ್ತಿಕೊಂಡರು. ನನಗೇ ಹೊದಿಸುತ್ತಾರೆಂದು ಹೆಗಲು ಬಗ್ಗಿಸಿ ನಿಂತೆ. ಅವರು ಅದರಲ್ಲಿ ಕಣ್ಣೊರೆಸಿಕೊಂಡರು.