ಗೇಟು ದಾಟದ ಮಿಲಿಟರಿ ಗಾಡಿ

ಆ ಭಾನುವಾರದ ರಗಳೆಗೆಲ್ಲ ಮೂಲ ಒಂದು ಸ್ಟೂಲು. ಬೆಳಿಗ್ಗೆ ಎಂಟು ಗಂಟೆಗೆ ಅತ್ತೆಯವರ ಒಂದು ಕಾಲು ಆ ಸ್ಟೂಲಿನ ಮೇಲಿತ್ತು, ಇನ್ನೊಂದು ಅಳಿಯನ ಗಾಡಿಯ ಮೆಟ್ಟಿಲ ಮೇಲಿತ್ತು. ಹತ್ತಲೂ ಆಗದೆ, ಇಳಿಯಲೂ ಆಗದೆ ಅವರು ಕಾಲು ಗಂಟೆ ಹಾಗೆಯೇ ನಿಂತಿದ್ದರು. ಮಗಳು ಹಿಂದಿನಿಂದ ನೂಕಿದಳು, ಅಳಿಯ ಒಳಗಿನಿಂದ ಎಳೆದರು, ಎದುರುಮನೆಯ ಟೈಲರ್ ತನ್ನ ಬಾಗಿಲಲ್ಲೇ ನಿಂತು "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ" ಎಂದು ಪುಕ್ಕಟೆ ಸಲಹೆ ಕೊಟ್ಟ.

"ಮಂಡಿ ನೋವು ಅಂತ ತಾನೇ ಡಾಕ್ಟರ್ ಹತ್ರ ಹೊರಟಿದ್ದು?" ಕೊನೆಗೂ ಕೆಳಗಿಳಿದ ಅತ್ತೆ ಏದುಸಿರು ಬಿಡುತ್ತ ಕೇಳಿದರು. "ಈ ಗಾಡಿ ಹತ್ತೋವಷ್ಟು ಮಂಡಿ ಗಟ್ಟಿ ಇದ್ದಿದ್ರೆ ಡಾಕ್ಟರ್ ಯಾಕೆ ಬೇಕಿತ್ತು, ಅಳಿಯಂದಿರೇ?"

ತಾಯಿಯನ್ನು ಬಾಡಿಗೆ ಕಾರಿನಲ್ಲಿ ಕಳಿಸಿ ಬಂದ ಹೆಂಡತಿ ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಸಂಜೆಯೊಳಗೆ ಈ ಗಾಡಿ ಗೇಟು ದಾಟಬೇಕು. ಇಲ್ಲಾಂದ್ರೆ ನಾನು ದಾಟ್ತೀನಿ. ಅಮ್ಮನ ಜೊತೆ ಹೊರಟೆ ಅಂದ್ರೆ ಸದ್ಯಕ್ಕಂತೂ ಬರಲ್ಲ, ಹೇಳಿದ್ದೀನಿ."

ಆಕೆ ಸುಮ್ಮನೆ ಹೆದರಿಸುವ ಪೈಕಿಯಲ್ಲ. ಗಂಡನಿಗೆ ಬೆವರಿತು.

ಗಂಡ ವೃತ್ತಿಯಲ್ಲಿ ಕನ್ನಡಕ ಮಾಡಿಕೊಡುವವರು. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂ ಬಿಗಿಯುವುದು ಅವರ ಕೆಲಸ. ಜನ್ಮದಲ್ಲಿ ಒಂದು ಜಿರಲೆ ಹೊಡೆದವರಲ್ಲ. ಆದರೂ ಬೀದಿಯವರೆಲ್ಲ ಅವರನ್ನು 'ಮೇಜರ್' ಎಂದೇ ಕರೆಯುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಮೋಟಾರು ಮಾಸಪತ್ರಿಕೆಯ 'ಮಾಲೀಕರ ಮಾತು' ಅಂಕಣದಲ್ಲಿ ಯಾರೋ ಪುಣ್ಯಾತ್ಮರು ಸೇನೆಯ ಗಾಡಿಯನ್ನು ಹೊಗಳಿ ಬರೆದಿದ್ದರು. ಅದನ್ನು ಓದಿ ತಲೆ ಕೆಟ್ಟು, ವಾರದೊಳಗೆ ಸೇನೆಯಿಂದ ನಿವೃತ್ತಿಯಾದ ಅಂಥದೇ ಒಂದು ಹಸಿರು ಗಾಡಿಯನ್ನು ಇವರು ಮನೆಯಂಗಳಕ್ಕೆ ತಂದು ನಿಲ್ಲಿಸಿದರು. ಹೊಳೆ ಹಾಯಬಲ್ಲ, ಗುಡ್ಡ ಏರಬಲ್ಲ, ನಾಲ್ಕೂ ಚಕ್ರಗಳಿಂದ ಎಳೆಯಬಲ್ಲ ಗಾಡಿ ಅದು. ಈ ಮೂರು ವರ್ಷದಲ್ಲಿ ಅದು ಏರಿದ ಅತಿ ಎತ್ತರದ ಜಾಗವೆಂದರೆ ಕನ್ನಡಕದಂಗಡಿಯ ದಾರಿಯಲ್ಲಿರುವ ರಸ್ತೆ ಉಬ್ಬು.

ನಿಜ ಹೇಳಬೇಕೆಂದರೆ ಮೇಜರಿಗೂ ಸಾಕಾಗಿತ್ತು. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಭುಜ ಹಿಡಿದುಕೊಂಡಿತ್ತು. ಗಾಡಿ ಇಳಿದು ಅರ್ಧ ಗಂಟೆಯಾದರೂ ಕೈ ನಡುಗುತ್ತಿದ್ದುದರಿಂದ ಸ್ಕ್ರೂ ಬಿಗಿಯಲು ಆಗುತ್ತಿರಲಿಲ್ಲ. ಆದರೆ ಇಂಥ ಗಾಡಿಯ ಮಾಲೀಕರಲ್ಲಿ ಒಂದು ಕಟ್ಟಳೆಯಿದೆ: ಗಾಡಿಯನ್ನು ಹಳಿಯಬಾರದು, 'ಮಾರಾಟಕ್ಕಿದೆ' ಎಂದು ಬೋರ್ಡು ಹಾಕುವುದಂತೂ ಯುದ್ಧದಿಂದ ಓಡಿಬಂದಂತೆ. ಬೀದಿಯವರ ಮುಂದೆ ಮೂರು ವರ್ಷ ಜಂಬ ಕೊಚ್ಚಿದ ಬಾಯಲ್ಲಿ ಸೋತೆ ಎನ್ನುವುದಾದರೂ ಹೇಗೆ? ಅದಕ್ಕೇ ಅವರು ಹೋದ ತಿಂಗಳು ಅದೇ ಅಂಕಣಕ್ಕೆ ತಮ್ಮ ಗಾಡಿಯನ್ನು ಅಟ್ಟಕ್ಕೇರಿಸಿ ಬರೆದು, ಕೆಳಗೆ ಫೋನ್ ನಂಬರ್ ಹಾಕಿದ್ದರು. ಓದಿ ಮರುಳಾದವನು ಯಾವನಾದರೂ ತಾನಾಗಿಯೇ ಬಂದು ಗಾಡಿ ಕೇಳಲಿ ಎಂಬ ಆಸೆ.

ಮೀನು ಗಾಳ ಕಚ್ಚಿತ್ತು. ಹಿಂದಿನ ದಿನವೇ ಯಾರೋ ಫೋನ್ ಮಾಡಿ, "ನಿಮ್ಮ ಲೇಖನ ಓದಿದೆ. ಗಾಡಿ ವಿಷಯ ಮಾತಾಡೋದಿದೆ, ನಾಳೆ ನಾಲ್ಕು ಗಂಟೆಗೆ ಬರ್ಲಾ?" ಎಂದಿದ್ದರು. ಬನ್ನಿ ಬನ್ನಿ ಎಂದು ಮೇಜರ್ ಎರಡು ಸಲ ಹೇಳಿದ್ದರು.

ಮಧ್ಯಾಹ್ನ ಗಾಡಿ ಉಜ್ಜುತ್ತಿದ್ದಾಗ ಟೈಲರ್ ಬಂದ. "ಏನ್ ಮೇಜರ್ ಸಾರ್, ಇಷ್ಟು ತಿಕ್ತಾ ಇದ್ದೀರಿ? ಮಾರಿಬಿಡ್ತೀರಾ ಹೇಗೆ?"

"ಮಾರೋದಾ! ನಾನಾ!" ಮೇಜರ್ ಬೆಚ್ಚಿದರು. "ಪತ್ರಿಕೆಯವರು ಬರ್ತಿದ್ದಾರೆ. ಇಂಥ ಗಾಡಿ ಬಗ್ಗೆ ಅಭಿಪ್ರಾಯ ಕೇಳೋಕೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ನಿಮಿಷದಲ್ಲಿ ಸುದ್ದಿ ಬೀದಿ ಪೂರ್ತಿ ಸುತ್ತಿತು. ಪಕ್ಕದ ಮನೆಯ ಕಾಂಪೌಂಡರ್ ಒಬ್ಬ ಮಾತ್ರ ಏನೂ ಕೇಳಲಿಲ್ಲ. ಅವನು ಟೇಪು ಹಿಡಿದು ತನ್ನ ಗೇಟಿನ ಅಗಲ ಅಳೆಯುತ್ತಿದ್ದ. ಏನದು ಎಂದು ಮೇಜರ್ ಕೇಳಿದ್ದಕ್ಕೆ "ಸುಮ್ನೆ ಸಾರ್" ಎಂದು ನಾಚಿಕೊಂಡ.

ನಾಲ್ಕಕ್ಕೆ ಸರಿಯಾಗಿ ದಪ್ಪ ಮೀಸೆಯ ಹಿರಿಯರೊಬ್ಬರು ಬೆನ್ನು ಹಿಡಿದುಕೊಂಡು ನಡೆದು ಬಂದರು. ಅವರು ಕುರ್ಚಿಯಲ್ಲಿ ಕೂರುವುದರೊಳಗೆ ಟೈಲರ್ ಇಸ್ತ್ರಿ ಅಂಗಿ ಹಾಕಿಕೊಂಡು ಹಾಜರಾಗಿದ್ದ. ಡಾಕ್ಟರ ಬಳಿಯಿಂದ ಹಿಂದಿರುಗಿದ್ದ ಅತ್ತೆಯೂ ಬಾಗಿಲಿಗೆ ಬಂದರು.

"ಬರ್ಕೊಳ್ಳಿ ಸಾರ್," ಟೈಲರ್ ಶುರು ಮಾಡಿದ. "ಈ ಗಾಡಿ ಸ್ಟಾರ್ಟ್ ಆದ್ರೆ ನನ್ನ ಹೊಲಿಗೆ ಮೆಷಿನ್ ತಾನಾಗೇ ಓಡುತ್ತೆ. ಮೊನ್ನೆ ಆ ಅದುರಾಟದಲ್ಲಿ ಪ್ಯಾಂಟಿನ ಕಾಲನ್ನ ಅಂಗಿ ತೋಳಿಗೆ ಸೇರಿಸಿ ಹೊಲಿದುಬಿಟ್ಟೆ."

"ಅದು ಇಂಜಿನ್ನಿನ ಗತ್ತು," ಎಂದರು ಮೇಜರ್, ಹಲ್ಲು ಕಚ್ಚಿ.

"ಮಳೆ ಬಂದ್ರೆ ಗಾಡಿಯೊಳಗೇ ಕೊಡೆ ಬಿಚ್ಚಬೇಕು, ಅದನ್ನೂ ಬರ್ಕೊಳ್ಳಿ," ಎಂದರು ಅತ್ತೆ.

"ಗಾಳಿ ಬೆಳಕು ಧಾರಾಳ ಅಂತ ಅವರ ಅರ್ಥ."

"ಹತ್ತೋದು ಕಷ್ಟವೇನಮ್ಮ?" ಮೀಸೆಯವರು ಮೆಲ್ಲಗೆ ಕೇಳಿದರು.

"ಬೆಳಿಗ್ಗೆ ಎಂಟಕ್ಕೆ ಹತ್ತೋಕೆ ಶುರು ಮಾಡಿದೆ. ಇನ್ನೂ ಹತ್ತಿಲ್ಲ."

ಮೀಸೆಯವರು ನಿಟ್ಟುಸಿರು ಬಿಟ್ಟು ತಲೆಯಾಡಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೆಂದು ಮೇಜರಿಗೆ ಖಾತ್ರಿಯಾಯಿತು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಗಡಿಯಾರ ನೋಡುತ್ತಿದ್ದಳು. ಮೇಜರ್ ಧಡಕ್ಕನೆ ಎದ್ದು ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟರು.

"ಇವರ ಮಾತು ಬಿಡಿ ಸಾರ್. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಅತ್ತೆ ಅಲ್ಲೇ ಇದ್ದಾರೆಂಬುದು ಅವರಿಗೆ ಮರೆತೇ ಹೋಗಿತ್ತು. "ಬೇರೆ ಕಾರಲ್ಲಿ ಕೂತ್ರೆ ನಿದ್ದೆ ಬರುತ್ತೆ. ಇದರಲ್ಲಿ ಕೂತ್ರೆ ಮೈಯ ಒಂದೊಂದು ಮೂಳೆಯೂ ಎದ್ದು ಕೂರುತ್ತೆ! ಇದು ಗಾಡಿಯಲ್ಲ, ನನ್ನ ಪ್ರಾಣ. ಜಾಗ ಇದ್ದಿದ್ರೆ ಇಂಥದ್ದೇ ಇನ್ನೊಂದು ತಂದು ಇಟ್ಕೊಳ್ತಿದ್ದೆ!"

ಮೀಸೆಯವರ ಕಣ್ಣು ತುಂಬಿ ಬಂತು. "ಈ ಮಾತು ಕೇಳೋಕೇ ನಾನು ಇಲ್ಲೀತನಕ ಬಂದಿದ್ದು," ಎಂದು ಜೇಬಿಗೆ ಕೈಹಾಕಿದರು. ಮೇಜರ್ ಕೈ ತಾನಾಗಿ ಮುಂದೆ ಹೋಯಿತು. ಅಂಗೈ ಮೇಲೆ ಬಿದ್ದದ್ದು ಒಂದು ಹಳೆಯ ಕೀಲಿಕೈ.

"ನನ್ನ ಗಾಡೀದು. ಬೀದಿ ಮೂಲೆಯಲ್ಲಿ ನಿಲ್ಲಿಸಿದ್ದೀನಿ. ನನ್ನ ಬೆನ್ನು ಹೋಯ್ತು, ನಮ್ಮನೆಯವಳು ಇವತ್ತೇ ಕಡೇ ದಿನ ಅಂದುಬಿಟ್ಳು. ಗುಜರಿಗೆ ಹಾಕೋಕೆ ಕರುಳು ಒಪ್ಪಲಿಲ್ಲ. ನಿಮ್ಮ ಲೇಖನ ಓದಿದಾಗ, ಗಾಡಿ ಕೊಟ್ರೆ ಈ ಮನುಷ್ಯನಿಗೇ ಕೊಡಬೇಕು ಅನ್ನಿಸ್ತು. ಬೆಲೆ ಗಿಲೆ ಏನೂ ಬೇಡ. ಇನ್ನೊಂದು ಬೇಕು ಅಂತ ನೀವೇ ಅಂದ್ರಲ್ಲ!"

ಟೈಲರ್ ಜೋರಾಗಿ ಚಪ್ಪಾಳೆ ತಟ್ಟಿದ. ಬೇಡ ಎನ್ನಲು ಮೇಜರ್ ಬಾಯಿ ತೆರೆದರು. ಬೀದಿಯೆಲ್ಲ ಆ ಬಾಯನ್ನೇ ನೋಡುತ್ತಿತ್ತು. "ಬಹಳ... ಬಹಳ ಸಂತೋಷ," ಎಂಬ ಮಾತು ಅದರಿಂದ ಹೊರಬಿತ್ತು.

ಮೀಸೆಯವರೇ ಕೀಲಿಕೈ ಮತ್ತೆ ಇಸಿದುಕೊಂಡು ಹೋಗಿ ಗಾಡಿ ತಂದರು. ಅದು ಗುಡುಗುತ್ತ ಬಂದು, ಗೇಟಿಗೆ ಅಡ್ಡವಾಗಿ ತಿರುಗಿ, ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಇನ್ನೊಮ್ಮೆ ಕೀಲಿ ತಿರುಗಿಸಿದರೆ ಕಮಕ್ ಕಿಮಕ್ ಎನ್ನಲಿಲ್ಲ. ಬೀದಿಯವರು ನಾಲ್ಕು ಜನ ಸೇರಿ ನೂಕಿದರೂ ಅಲುಗಲಿಲ್ಲ.

"ಗಾಡಿಗೆ ಜಾಗ ಹಿಡಿಸಿದೆ," ಎಂದು ಮೀಸೆಯವರು ಕೆಳಗಿಳಿದರು. "ಅಂದಹಾಗೆ ಮೂರು ವರ್ಷದ ಹಿಂದೆ ಆ ಅಂಕಣಕ್ಕೆ ನಾನೂ ಬರೆದಿದ್ದೆ. ಗುಟ್ಟು ಹೇಳ್ತೀನಿ, ಓದಿದವರು ಯಾರಾದ್ರೂ ಬಂದು ನನ್ನ ಗಾಡಿ ಕೇಳಲಿ ಅಂತ ಬರೆದಿದ್ದು. ಓದಿದವರೆಲ್ಲ ಹೋಗಿ ಬೇರೆ ಒಂದೊಂದು ತಗೊಂಡ್ರೇ ಹೊರತು ನನ್ನದನ್ನ ಒಬ್ಬರೂ ಕೇಳಲಿಲ್ಲ ನೋಡಿ!"

ಬೀದಿಯ ಮೂಲೆಯಲ್ಲಿ ಸದ್ದೇ ಇಲ್ಲದ ಒಂದು ಪುಟ್ಟ ಕಾರು ಕಾಯುತ್ತಿತ್ತು. ಸ್ಟೀರಿಂಗಿನ ಹಿಂದೆ ಅವರ ಹೆಂಡತಿ ನಗುತ್ತ ಕೂತಿದ್ದರು. ಮೀಸೆಯವರು ಬೆನ್ನು ನೋವನ್ನೂ ಮೇಜರಿಗೇ ಕೊಟ್ಟವರಂತೆ ಚಂಗನೆ ಹಾರಿ ಹತ್ತಿಕೊಂಡರು.

ಇತ್ತ ಮೇಜರ್ ಹೆಂಡತಿ ಸೂಟ್‌ಕೇಸ್ ಹಿಡಿದು ಅಂಗಳಕ್ಕಿಳಿದಳು. ಹಿಂದೆ ಕುಂಟುತ್ತ ಅತ್ತೆ. ಗೇಟಿನ ಬಳಿ ಬಂದು ನೋಡಿದರೆ ಇಲಿ ನುಸುಳಲೂ ದಾರಿಯಿಲ್ಲ.

"ರೀ, ನಾನು ಗೇಟು ದಾಟಬೇಕು ಅಂದಿದ್ದು ಆಚೆಗೆ. ಈಚೆಗಲ್ಲ!" ಎಂದು ಆಕೆ ಬೆಳಗಿನ ಸ್ಟೂಲಿನ ಮೇಲೆ ದೊಪ್ಪನೆ ಕೂತಳು. ಅಂತೂ ಆ ಸಂಜೆ ಗಾಡಿಯೂ ಗೇಟು ದಾಟಲಿಲ್ಲ, ಹೆಂಡತಿಯೂ ದಾಟಲಿಲ್ಲ.

"ತಡಿಯೇ, ಒಂದು ದಾರಿ ಇದೆ," ಮೇಜರ್ ಪಿಸುಗುಟ್ಟಿದರು. ಕಾಂಪೌಂಡರ್ ಗೋಡೆಯ ಆಚೆಯಿಂದ ಎರಡೂ ಗಾಡಿಗಳನ್ನು ಕಣ್ಣಲ್ಲೇ ನುಂಗುತ್ತಿದ್ದ. ಮರ್ಯಾದೆ ಹಾಳಾಗಿ ಹೋಗಲಿ, ಹೆಂಡತಿ ಉಳಿದರೆ ಸಾಕು. ಅವರು ಗೋಡೆಯ ಹತ್ತಿರ ಹೋಗಿ ಕೈ ಮುಗಿದೇಬಿಟ್ಟರು. "ಕಾಂಪೌಂಡರೇ, ನಿಮಗೆ ಇದರ ಮೇಲೆ ಆಸೆ ಅಂತ ಕಾಣುತ್ತೆ. ಯಾವುದು ಬೇಕೋ ತಗೊಂಡ್ಹೋಗಿ. ಎರಡೂ ಬೇಕಾದ್ರೆ ಎರಡೂ ತಗೊಳ್ಳಿ!"

"ಅಯ್ಯೋ, ನಿಮ್ಮ ಪ್ರಾಣ ನನಗೆ ಯಾಕೆ ಸಾರ್?" ಕಾಂಪೌಂಡರ್ ಮುಖ ಅರಳಿತು. "ನಿಮ್ಮ ಲೇಖನ ಓದಿದ ದಿನವೇ ನಾನೂ ಒಂದಕ್ಕೆ ಹೇಳಿಬಿಟ್ಟೆ. ನಾಳೆ ಬೆಳಿಗ್ಗೆ ಬರುತ್ತೆ. ಒಂದೇ ಒಂದು ವಿಷಯ ಕೇಳಬೇಕಿತ್ತು. ನಮ್ಮತ್ತೆಗೂ ಮಂಡಿ ನೋವು. ಆ ಸ್ಟೂಲು ಎಲ್ಲಿ ಮಾಡಿಸಿದ್ರಿ?"